ಹೊನೋರಾ ಗಾಹನ್ ಆತ್ಮಶಾಂತಿಗಾಗಿ

ಬ್ರಿಜಿಯ ಎಡಗಾಲಿನ ಬೂಟಿಗೆ ಹೊಸ ಅಟ್ಟೆ, ಬಲಗಾಲಿನದು ಹಳೆಯದೇ, ಹಿಮ್ಮಡಿಯ ಹತ್ತಿರ ಸವೆದು ಮೊಳೆ ಕಾಣುತ್ತಿದೆ — ಒಂದೇ ಕಾಲಿಗೆ ಅಟ್ಟೆ ಹಾಕಿಸುವವರು ಉಂಟೇ, ಬ್ರಿಜಿ ಬ್ಯಾರೆಟ್ ಹಾಕಿಸುತ್ತಾಳೆ, ಹರಿದದ್ದಕ್ಕೆ ಹಾಕ್ಸಿದ್ರೆ ಸಾಕಲ್ವೇನೇ ನೋನಿ, ಹರೀದೇ ಇರೋದಕ್ಕೆ ಯಾಕೆ ದಂಡ ಅನ್ನುತ್ತಾಳೆ ಕೇಳಿದರೆ — ಅವಳ ಪಕ್ಕದಲ್ಲಿ ಮೇಷ್ಟರ ಕಪ್ಪು ಷೂ, ಮಂಡಿಗಳ ಕೆಳಗೆ ಕರವಸ್ತ್ರ ಹಾಸಿಕೊಂಡಿದ್ದಾರೆ, ನಿನ್ನೆ ಮೂರು ನೀರು ಹಾಕಿ ಉಜ್ಜಿದ ನೆಲ ಇದು, ಹಿಟ್ಟು ಸುರಿದು ರೊಟ್ಟಿ ಕಲಸಬಹುದು, ಆದರೂ ಮೇಷ್ಟರಿಗೆ ಕರವಸ್ತ್ರ ಬೇಕು, ಇರಲಿ, ಎಪ್ಪತ್ತು ದಾಟಿದ ಮಂಡಿ. ಒಲೆಯ ಪಕ್ಕ ನಿಂತ ನೋನಿಗೆ ಇವತ್ತು ಇಡೀ ಕಾರೋಬೆಗ್ ಬರೀ ಬೆನ್ನು, ಬರೀ ಅಂಗಾಲು. ಪೂಜೆ ಊರಿನ ಮನೆಗಳಿಗೆ ಸರದಿಯ ಮೇಲೆ ಬರುತ್ತದೆ, ಒಂಬತ್ತು ವರ್ಷಕ್ಕೆ ಗಾಹನ್ ಮನೆಯ ಪಾಳಿ, ನಾಲ್ಕು ಕುರ್ಚಿಯ ಮೇಲೆ ಊಟದ ಮೇಜನ್ನು ಏರಿಸಿ ಅವ್ವನ ಬಿಳಿ ಬಟ್ಟೆ ಹಾಸಿ ಬಲಿಪೀಠ ಮಾಡಿದ್ದಾಯಿತು, ಎರಡು ಹಿತ್ತಾಳೆ ದೀಪದ ಕಂಬ, ಒಂದು ಮನೆಯದು, ಒಂದು ಬ್ರಿಜಿಯದು, ಫಾದರ್ ಮುನ್ನೆಲಿಯ ಬೆನ್ನೂ ಈ ಕಡೆಗೇ, ಲ್ಯಾಟಿನ್ನಿನ ಮಂತ್ರವನ್ನು ಗೋಡೆಗೆ ಹೇಳುತ್ತಿದ್ದಾರೆ, ಹೊಸ ಸುಣ್ಣದ ಗೋಡೆಗೆ. ಈ ಸುಣ್ಣ ನೋಡಿದ್ರೆ ರೋಮಿನ ಪೋಪೇ ಬರ್ತಾರೆ ಅಂದ್ಕೋಬೇಕು ಅಂದಿದ್ದ ಬ್ರಿಜಿಯ ಗಂಡ ಬಾಗಿಲಲ್ಲೇ, ಪೋಪು ಬಂದ್ರೂ ನಿಂಗೆ ಚಹಾ ಪೂಜೆ ಆದ್ಮೇಲೇ ಅಂದಿದ್ದಳು ನೋನಿ, ಅಂದದ್ದೂ ಅವಳೇ, ನಕ್ಕದ್ದೂ ಅವಳೇ, ಅಂಗಿಯೊಳಗೆ ಆ ಕಾರ್ಡಿನ ಮೂಲೆ ಎದೆಗೆ ಚುಚ್ಚುತ್ತಿದ್ದಾಗಲೂ ನಗು ಬಂತು, ಬಾಯಿ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಕೆಟಲು ಕುದಿಯಬೇಕು, ಸದ್ದು ಮಾಡಬಾರದು, ಒಲೆಯ ಟರ್ಫ್, ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆ, ಹೊಗೆಯಾಡಬಾರದು, ಪಾದ್ರಿಗಳ ತಿಂಡಿಯ ಮೊಟ್ಟೆ ಗಟ್ಟಿಯಾಗಬಾರದು, ಅದಕ್ಕೇ ಅವಳು ಹಿಂದೆ ನಿಂತಿರುವುದು, ಮನೆಯೊಡತಿಗೆ — ಒಡತಿಯೋ ಆಳೋ — ಮಂಡಿಯೂರುವುದರಿಂದ ವಿನಾಯಿತಿ. ಪೂಜೆ ಮುಗಿದ ಮೇಲೆ ಫಾದರ್ ಈ ಕಡೆ ತಿರುಗುತ್ತಾರೆ, ಈ ಮನೆಯವರಲ್ಲಿ ತೀರಿಹೋದವರ ಹೆಸರು ಓದುತ್ತಾರೆ, ಪಟ್ಟಿ ಫೆಸ್ಟಿ ಕೊಟ್ಟಿದ್ದಾನೆ, ಅವಳ ತಮ್ಮ ಫೆಸ್ಟಿ, ನಾಲ್ಕಾಗಿ ಮಡಿಸಿದ ಚೀಟಿ, ಕೊಡುವಾಗ ಅವಳ ಕಡೆ ನೋಡಲಿಲ್ಲ. ಅದರಲ್ಲಿ ಕೊನೆಯ ಹೆಸರು ಯಾವುದು ಅನ್ನುವುದೊಂದೇ ಈಗ ಅವಳಿಗೆ ಗೊತ್ತಾಗಬೇಕಾಗಿದೆ.

ಬೆಳಿಗ್ಗೆ ಫೆಸ್ಟಿಯ ಭಾನುವಾರದ ಕೋಟಿಗೆ ಬ್ರಷ್ ಹಾಕುತ್ತಿದ್ದಳು, ಕಿಟಕಿಯ ಬೆಳಕಿಗೆ ಹಿಡಿದು, ಬ್ರಷ್ಷಿಗೆ ಒಳಜೇಬಿನಲ್ಲಿ ಏನೋ ಗಟ್ಟಿ ತಗುಲಿತು, ತಂಬಾಕಿನ ಡಬ್ಬಿಯಿರಬೇಕು, ಚಪ್ಪಟೆಯಾಗಿದೆಯಲ್ಲ, ಅಮೆರಿಕದ ಲಕೋಟೆ, ಮೂರು ವಾರ ಹಳೆಯ ಮೊಹರು, ಅದರೊಳಗೆ ಅಂಗೈಯಗಲದ ಕಪ್ಪಂಚಿನ ಕಾರ್ಡು — ಸತ್ತವರ ಚಿತ್ರ ಹಾಕಿ ಅಚ್ಚು ಮಾಡಿಸಿ ನೆಂಟರಿಷ್ಟರಿಗೆಲ್ಲ ಹಂಚುತ್ತಾರಲ್ಲ, ಪ್ರಾರ್ಥನೆಯ ಪುಸ್ತಕದ ನಡುವೆ ಇಟ್ಟುಕೊಳ್ಳಲಿ ಅಂತ, ಅಂಥದ್ದು. ಚಿತ್ರದಲ್ಲಿ ಡೀಲಿಯಾ. ತಂಗಿ ಡೀಲಿಯಾ, ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ, ಕುತ್ತಿಗೆಗೆ ಮುತ್ತಿನ ಸರ, ಆದರೆ ನಗು ಅದೇ, ತುಟಿ ಬಿಚ್ಚದ ನಗು, ಹನ್ನೆರಡನೇ ವಯಸ್ಸಿನಲ್ಲಿ ಮುಂದಿನ ಹಲ್ಲು ಮುರಿದುಕೊಂಡಾಗ ಕಲಿತದ್ದು, ಅಯ್ಯೋ ನನ್ನ ಕೂಸೇ ಅಂದುಕೊಂಡಳು, ಅಂದುಕೊಂಡು ಕೆಳಗೆ ಓದಿದಳು, ಹೊನೋರಾ ಗಾಹನ್ ಸ್ವೀನಿ. ಪಾಪ, ಅಚ್ಚಿನವರು ತಪ್ಪು ಹಾಕಿದ್ದಾರೆ. ಎಂಥ ತಪ್ಪು ಮಾಡಿದರಪ್ಪ, ಸತ್ತವಳನ್ನು ಬಿಟ್ಟು ಬದುಕಿದವಳ ಹೆಸರು ಹಾಕಿದ್ದಾರೆ, ಬಾಯಿ ತುಂಬ ನೋನಿ ನೋನಿ ಅನ್ನಿಸಿಕೊಂಡವಳಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಅದು, ಹೊನೋರಾ, ಅಜ್ಜಿಯ ಹೆಸರು, ಶಾಲೆಯ ಹಾಜರಿ ಬಿಟ್ಟರೆ ಹಾಗೆ ಕರೆದವರು ಒಬ್ಬಿಬ್ಬರೇ — ಅದರ ಕೆಳಗೆ ಜನನ, ಕಾರೋಬೆಗ್, ಮೇಯೋ ಸೀಮೆ, ಫೆಬ್ರವರಿ ಮೂರು, ಸಾವಿರದ ಒಂಬೈನೂರ ಐದು. ಅದೂ ಅವಳದೇ. ಹುಟ್ಟಿದ ದಿನವನ್ನೂ ಅಚ್ಚಿನವರು ತಪ್ಪು ಹಾಕುತ್ತಾರೆಯೇ? ಬ್ರಷ್ಷು ಕೈಯಲ್ಲೇ ಇತ್ತು. ಜೊತೆಗೊಂದು ಕಾಗದ, ಡೀಲಿಯಾಳ ಮಗಳದು, ದುಂಡಗಿನ ಅಕ್ಷರ, ಫೆಸ್ಟಿ ಮಾವ, ಅಮ್ಮ ಹುಟ್ಟಿದ ಮನೆಯಲ್ಲೇ ಅವಳಿಗಾಗಿ ಒಂದು ಪೂಜೆ ಆಗಲಿ, ಹೊನೋರಾ ಅಂತ ಪೂರ್ತಿ ಹೆಸರು ಹೇಳಿಸಿ ದಯವಿಟ್ಟು, ಆ ಹೆಸರೆಂದರೆ ಅಮ್ಮನಿಗೆ ತುಂಬ ಹೆಮ್ಮೆ, ನೋನಿ ದೊಡ್ಡಮ್ಮನಿಗೂ ನನ್ನ ಪ್ರೀತಿ ತಿಳಿಸಿ. ನೋನಿ ದೊಡ್ಡಮ್ಮನಿಗೂ! ಕೋಟು ಆಯ್ತೇನೇ ಅಂತ ಬಾಗಿಲಲ್ಲಿ ಫೆಸ್ಟಿ, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ, ಆಯ್ತು ಅಂದಳು, ಜೇಬಿಗೆಲ್ಲ ಕೈ ಹಾಕ್ಬೇಡ, ತಂಬಾಕಿದೆ, ಚೆಲ್ಲುತ್ತೆ ಅಂದ, ನಿನ್ನ ತಂಬಾಕು ನಂಗ್ಯಾಕೋ, ಲಕೋಟೆ ಜೇಬಿಗೆ ವಾಪಸ್ಸು ಹೋಗಿತ್ತು, ಕಾರ್ಡು ಮಾತ್ರ ಅಂಗಿಯೊಳಗೆ ಇಳಿದಿತ್ತು, ಅವನು ಕೋಟು ಹಾಕಿಕೊಂಡು ಎದೆಯ ಮೇಲೆ ತಟ್ಟಿ ನೋಡಿಕೊಂಡ, ಲಕೋಟೆ ಇದೆ, ಸಮಾಧಾನವಾಯಿತು, ಪಾದ್ರಿಗಳಿಗೆ ಮೊಟ್ಟೆ ಹದವಾಗಿ ಬೇಯ್ಸೇ ನೋನಿ, ಹೋದ್ಸಲ ಕಲ್ಲಾಗಿತ್ತು ಅಂದ. ಹೋದ ಸಲ ಮೊಟ್ಟೆ ಬೇಯಿಸಿದ್ದು ಅವ್ವ. ಬೈಗುಳ ಇವಳಿಗೆ.

ಕ್ರಿಸ್ತೇ ಎಲೆಯಿಸೋನ್, ಕ್ರಿಸ್ತನೇ ಕರುಣಿಸು — ಎಲ್ಲರೂ ಗೊಣಗುತ್ತಾರೆ, ಅವಳೂ ಗೊಣಗುತ್ತಾಳೆ. ಮೂರು ವಾರದ ಹಿಂದೆ ಅವಳು ಹೊಲದ ಸಾಲಿಗೆ ಗೊಬ್ಬರಕ್ಕೆ ಕಡಲಪಾಚಿ ಹಾಕುತ್ತಿದ್ದಾಗ ಫೆಸ್ಟಿ ಬಂದು ಹೇಳಿದ್ದ, ಟೊಪ್ಪಿಗೆ ಕೈಯಲ್ಲಿ ಹಿಡಿದು, ನಮ್ ಡೀಲಿಯಾ ಹೋದ್ಳು ಕಣೇ, ಹೃದಯವಂತೆ. ಅವಳು ಪಾಚಿಯ ಬುಟ್ಟಿ ಹಾಗೇ ಕೆಳಗಿಟ್ಟು ಅಲ್ಲೇ ಒದ್ದೆ ಮಣ್ಣಿನಲ್ಲಿ ಕೂತು ಅತ್ತಿದ್ದಳು, ಬಾಯಿಬಿಟ್ಟು ಅತ್ತಿದ್ದಳು, ಬ್ರಿಜಿ ಓಡಿ ಬಂದು ತಲೆ ಹಿಡಿದು, ಅಳು, ಅತ್ಬಿಡು, ನಿನ್ನ ತಂಗಿ ಅಲ್ವಾ ಅಂದಿದ್ದಳು. ಕಾರ್ಡು ಬರ್ಲಿಲ್ವೇನೋ ಫೆಸ್ಟಿ, ಮುಖ ನೋಡ್ಬೇಕು ಅನ್ನಿಸುತ್ತೆ, ಇಲ್ಲ ಕಣೇ, ಅಲ್ಲಿಯೋರು ಈಗ ಅದೆಲ್ಲ ಮಾಡಲ್ಲ, ಹಳೇ ಕಾಲದ್ದಾಯ್ತು. ಮೂರು ವಾರ ಕಾರ್ಡನ್ನು ಎದೆಗೆ ಇಟ್ಟುಕೊಂಡು ಓಡಾಡಿದ್ದಾನೆ, ಅವಳು ಮಾಡಿದ ಗಂಜಿ ಕುಡಿದಿದ್ದಾನೆ, ಡೀಲಿಯಾಳ ಆತ್ಮಕ್ಕೆ ಅಂತ ಅವಳು ದಿನವೂ ಜಪಮಾಲೆ ಹಿಡಿದರೆ ಎದುರಿಗೆ ಕೂತು ಆಮೆನ್ ಅಂದಿದ್ದಾನೆ, ಛೀ. ಮೂರು ವಾರ ಯಾಕೆ, ಇಪ್ಪತ್ತೆಂಟು ವರ್ಷ. ಆ ವರ್ಷ ಅವಳು ಸ್ಕಾಟ್ಲೆಂಡಿನಲ್ಲಿದ್ದಳು, ಜೂನಿನಿಂದ ನವೆಂಬರಿನವರೆಗೆ ಆಲೂಗಡ್ಡೆ ಕೀಳುವ ತಂಡದಲ್ಲಿ, ಆಗ ಅವಳಿಗೆ ಹದಿನೆಂಟು, ಮಂಡಿಗೆ ಗೋಣಿ ಸುತ್ತಿಕೊಂಡು ಸಾಲಿನುದ್ದಕ್ಕೂ ಅಂಬೆಗಾಲಿಡುತ್ತಾ, ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ನಿದ್ದೆ, ಅವಳ ಸಾಲಿನ ಪಕ್ಕದ ಸಾಲು ಆಂಟನಿ ಲಾವೆಲ್‌ನದು, ಅವನ ಬುಟ್ಟಿ ತುಂಬುವ ಮೊದಲು ಅವಳದು ತುಂಬಿದರೆ ಅವನಿಗೆ ಸಿಟ್ಟು, ನೀನು ಹೆಣ್ಣೋ ಯಂತ್ರಾನೋ, ಯಂತ್ರಾನೇ, ನಿಂಗೇನೋ ಕಷ್ಟ. ಸುಗ್ಗಿ ಮುಗಿಯುವ ಮೊದಲೇ ಅವನು ಗ್ಲಾಸ್ಗೊದಿಂದ ಹಡಗು ಹತ್ತಿದ, ಕ್ಲೀವ್‌ಲ್ಯಾಂಡಿಗೆ, ಅಣ್ಣ ಕರೆಸಿಕೊಂಡ, ಅವಳೂ ಹೇಳಿದಳು, ನಮ್ ವಿನ್ನಿ ಚಿಕ್ಕಮ್ಮಾನೂ ಅಲ್ಲೇ ಇರೋದು, ನಂಗೆ ಟಿಕೆಟ್ ಕಳಿಸ್ತೀನಿ ಅಂದಿದಾರೆ, ದೊಡ್ಡೋಳು ನಾನು, ಮೊದಲು ನಾನೇ. ಬಾ, ನಮ್ಮೋರೆಲ್ಲ ಒಂದೇ ಚರ್ಚಿಗೆ ಹೋಗೋದಂತೆ, ನಿನ್ನ ಹೆಸರು ಹೇಳಿ ಕೇಳ್ತೀನಿ, ಹೊನೋರಾ ಗಾಹನ್ ಬಂದ್ಲಾ ಅಂತ. ಪೂರ್ತಿ ಹೆಸರು ಹೇಳಿದ ಅವನು, ಮಣ್ಣು ಮೆತ್ತಿದ ಕೈಯಿಂದ ಅವಳ ಹಣೆಯ ಕೂದಲು ಹಿಂದಕ್ಕೆ ಸರಿಸಿ, ಹಣೆಯ ಮೇಲೆ ಮಣ್ಣಾಯಿತು, ಅವಳು ಸಂಜೆಯವರೆಗೆ ಒರೆಸಿಕೊಳ್ಳಲಿಲ್ಲ.

ನವೆಂಬರಿನಲ್ಲಿ ಮನೆಗೆ ಬಂದರೆ ಡೀಲಿಯಾಳ ಹಾಸಿಗೆ ಸುತ್ತಿಟ್ಟಿತ್ತು. ಎಲ್ಲವ್ವಾ ಅವಳು? ವಿನ್ನಿ ಕರೆಸ್ಕೊಂಡ್ಳು. ಅವಳನ್ನ? ಅವಳನ್ನೇ, ಸಣ್ಣ ಹುಡುಗಿ ಬೇಕಂತೆ, ಮಕ್ಕಳನ್ನ ನೋಡ್ಕೊಳ್ಳೋ ಕೆಲಸ, ಅವಳಿಗಿನ್ನೂ ಹದಿನಾರು ಅಲ್ವಾ, ನೀನು ದೊಡ್ಡೋಳಾಗ್ಬಿಟ್ಟೆ. ಅವ್ವ ಬೆನ್ನು ತಿರುಗಿಸಿ ಆಲೂಗಡ್ಡೆ ಸುಲಿಯುತ್ತಾ ಹೇಳಿದಳು, ಡೀಲಿಯಾ ಅಲ್ಲಿ ನಿಂತ್ಕೊಂಡ್ಮೇಲೆ ನಿಂಗೆ ಟಿಕೆಟ್ ಕಳಿಸ್ತಾಳೆ, ನಾನೇ ಹೇಳಿ ಕಳಿಸಿದೀನಿ, ಬರೋ ವರ್ಷ. ಹದಿನೆಂಟಕ್ಕೆ ದೊಡ್ಡವಳಾಗಿಬಿಟ್ಟೆನೇ ಅಂತ ಅವಳು ಅವತ್ತು ಕನ್ನಡಿ ನೋಡಿಕೊಂಡಿದ್ದಳು, ಚಿಕ್ಕಮ್ಮ ಬೇಡ ಅಂದಳಲ್ಲ, ತನ್ನಲ್ಲೇನು ಕೊರತೆ, ಕೈ ಒರಟೇ, ಮಾತು ಒರಟೇ, ಆ ಚಿಕ್ಕಮ್ಮನನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದಿದ್ದಾಳೆ, ಸತ್ತಾಗ ಒಂದು ಹನಿ ಹಾಕಿರಲಿಲ್ಲ — ತಪ್ಪಾಯಿತು ವಿನ್ನಿ ಚಿಕ್ಕಮ್ಮ, ನೀವು ಟಿಕೆಟಿನ ಮೇಲೆ ನನ್ನ ಹೆಸರನ್ನೇ ಬರೆಸಿದ್ದಿರಿ, ಹೊನೋರಾ ಗಾಹನ್, ಅಚ್ಚುಕಟ್ಟಾಗಿ, ಟಿಕೆಟಿನ ಮೇಲೆ ಆ ಹೆಸರಿದ್ದದ್ದಕ್ಕೇ ಡೀಲಿಯಾ ಆ ಹೆಸರಾಗಬೇಕಾಯಿತು. ಅವ್ವ ಇಗರ್ಜಿಗೆ ಹೋಗಿ ಜ್ಞಾನಸ್ನಾನದ ಪತ್ರ ಬರೆಸಿಕೊಂಡಿರಬೇಕು, ದೊಡ್ಡ ಮಗಳು ಹೊರಟಿದಾಳೆ ಫಾದರ್ ಅಂದಿರಬೇಕು. ಯಾಕೆ? ಯಾಕೆ ಅಂತ ಕೇಳಬೇಕಾಗಿಯೇ ಇಲ್ಲ. ಟರ್ಫ್ ಕಡಿಯುವವಳು ನೋನಿ, ಕಡಲಪಾಚಿ ಹೊರುವವಳು ನೋನಿ, ಕರು ಅಡ್ಡ ಬಂದರೆ ಕೈ ಹಾಕಿ ಎಳೆಯುವವಳು ನೋನಿ, ಡೀಲಿಯಾಗೆ ಕೋಳಿ ಕೂಡಿಹಾಕಲೂ ಬರುತ್ತಿರಲಿಲ್ಲ, ಅವಳು ಹೋದರೆ ಒಂದು ಬಾಯಿ ಕಡಿಮೆ, ನೋನಿ ಹೋದರೆ ಎರಡು ಕೈ ಕಡಿಮೆ, ಅವ್ವನ ಲೆಕ್ಕ ಅಷ್ಟೇ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಶಿಕ್ಷೆ! ಬರುವ ವರ್ಷ, ಬರುವ ವರ್ಷ, ಈಸ್ಟರ್ ಹಬ್ಬಕ್ಕೊಂದು ಕಾಗದ, ಕ್ರಿಸ್ಮಸ್ಸಿಗೊಂದು, ಪ್ರೀತಿಯ ಅವ್ವನಿಗೆ ಅಂತ ಶುರುವಾಗಿ ನಿನ್ನ ಡಿ ಅಂತ ಮುಗಿಯುವ ಕಾಗದ, ಹಿಂಬದಿಯಲ್ಲಿ ಮಿಸೆಸ್ ಥಾಮಸ್ ಸ್ವೀನಿ ಅಂತ ಗಂಡನ ಹೆಸರು, ಗಂಡನ ಹೆಸರಿನ ಹಿಂದೆ ಎಂಥ ಒಳ್ಳೆಯ ಜಾಗ ಬಚ್ಚಿಟ್ಟುಕೊಳ್ಳಲು. ನೋನಿಯ ಟಿಕೆಟಿನ ಮಾತು ಅದರಲ್ಲಿ ಒಂದು ಸಲವೂ ಇರಲಿಲ್ಲ, ಹೇಗಿರುತ್ತದೆ, ಹೊನೋರಾ ಗಾಹನ್ ಆಗಲೇ ಅಲ್ಲಿದ್ದಾಳಲ್ಲ, ಅದೇ ಊರಿನ, ಅದೇ ದಿನ ಹುಟ್ಟಿದ ಇನ್ನೊಬ್ಬಳು ಹಡಗಿನಿಂದ ಇಳಿದರೆ ಬಂದರಿನ ಬಾಗಿಲಲ್ಲಿ ಕೂತ ಅಧಿಕಾರಿಗಳು ಬಿಟ್ಟಾರೆಯೇ. ಮತ್ತೆ ಆಂಟನಿ, ಕೇಳುತ್ತೇನೆ ಅಂದಿದ್ದ, ಮಾತಿಗೆ ತಪ್ಪುವವನಲ್ಲ, ಕೇಳಿರಬೇಕು, ಚರ್ಚಿನ ಮೆಟ್ಟಿಲ ಮೇಲೆ ಟೊಪ್ಪಿಗೆ ತೆಗೆದು ಯಾರನ್ನೋ ಕೇಳಿರಬೇಕು, ಮೇಯೋದ ಹೊನೋರಾ ಗಾಹನ್ ಬಂದ್ಲಾ, ಓ ಬಂದ್ಲಲ್ಲ, ಸ್ವೀನೀನ ಮದ್ವೆ ಆದ್ಲಲ್ಲ. ಅವನು ಏನು ಅಂದುಕೊಂಡಿರಬಹುದು. ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋಗಿರಬೇಕು, ಮಾತಿಗೆ ತಪ್ಪಿದವಳು ಅವಳು ಅಂತ, ಇವತ್ತಿಗೂ ಹಾಗೇ ಅಂದುಕೊಂಡಿರಬೇಕು.

ಕೆಟಲು ಉಕ್ತಿದೆ ಕಣೇ — ಬ್ರಿಜಿ, ತಿರುಗದೆಯೇ, ಬಾಯಿಯ ಮೂಲೆಯಿಂದ. ಬೆನ್ನಿಗೂ ಕಿವಿ ಇದೆ ಇವಳಿಗೆ. ಕೆಟಲು ತೂಗುವ ಕೊಕ್ಕೆಯನ್ನು ಸರಪಳಿಯ ಒಂದು ಕೊಂಡಿ ಮೇಲಕ್ಕೆ ಹಾಕಿದಳು, ಸದ್ದು ಇಳಿಯಿತು. ಬ್ರಿಜಿಗೆ ಗೊತ್ತಿಲ್ಲ, ಅದೊಂದು ಸಮಾಧಾನ, ಇಪ್ಪತ್ತೆಂಟು ವರ್ಷ ಒಂದೇ ಬಾವಿ, ಒಂದೇ ದಾರಿ, ಅವಳ ಐದು ಹೆರಿಗೆಗೂ ಬಿಸಿನೀರು ಕಾಯಿಸಿದ್ದು ನೋನಿ, ಗೊತ್ತಿದ್ದರೆ ಅವಳ ಬಾಯಲ್ಲಿ ನಿಲ್ಲುತ್ತಿತ್ತೇ, ಇವರ ಮನೆಯಲ್ಲಿ ಬೆಕ್ಕು ಸೀನಿದರೆ ಅದನ್ನು ಮೂರು ಮನೆಗೆ ಮುಟ್ಟಿಸುವ ಬಾಯಿ ಅದು. ಮೇಷ್ಟರಿಗೂ ಗೊತ್ತಿರಲಾರದು, ಕಾಗದಪತ್ರ ಬರೆದು ಕೊಟ್ಟಿರಬಹುದು ಊರಿಗೆಲ್ಲ ಬರೆದುಕೊಡುವ ಹಾಗೆ, ಅವ್ವ ಹೆಸರು ಹೇಳಿರುತ್ತಾಳೆ, ಇವರು ಬರೆದಿರುತ್ತಾರೆ, ಅಷ್ಟೆ — ಆದರೆ ಶಾಲೆಯಲ್ಲಿ ದಿನಾ ಹಾಜರಿ ಕರೆದವರಲ್ಲವೇ, ಹೊನೋರಾ ಗಾಹನ್, ಇದ್ದೀನಿ ಸಾರ್, ಡೀಲಿಯಾ ಗಾಹನ್, ಇದ್ದೀನಿ ಸಾರ್, ಯಾವುದು ಯಾರು ಅಂತ ಅವರಿಗೆ — ಇಲ್ಲ, ಬೇಡ, ಮೇಷ್ಟರನ್ನು ಇದಕ್ಕೆ ಎಳೆಯುವುದು ಬೇಡ, ಮಾಡಿದ್ದು ಅವ್ವ, ಬಾಯಿ ಮುಚ್ಚಿಕೊಂಡಿದ್ದವನು ಫೆಸ್ಟಿ, ಇಬ್ಬರು ಸಾಕು. ಅವ್ವ ಸಾಯುವ ಹಿಂದಿನ ದಿನ ಮಣಿಕಟ್ಟು ಹಿಡಿದುಕೊಂಡು ಹೊನೋರಾ ಅಂದಿದ್ದಳು, ಜೀವಮಾನದಲ್ಲಿ ಮೊದಲ ಸಲ, ಹೊನೋರಾ, ನನ್ನ ಚಿನ್ನ, ಚೆನ್ನಾಗಿದೀಯೇನೇ ಅಂತ, ಚೆನ್ನಾಗಿದೀನವ್ವಾ, ಇಲ್ಲೇ ಇದೀನಿ ಅಂದಿದ್ದಳು ನೋನಿ, ಆ ಒಂದು ಮಾತನ್ನು ಒಂಬತ್ತು ವರ್ಷ ಕಾಪಿಟ್ಟುಕೊಂಡಿದ್ದಾಳೆ, ಬೇಸರವಾದಾಗ ತೆಗೆದು ನೋಡಿಕೊಳ್ಳುತ್ತಿದ್ದಳು, ಬೈದರೂ ಬಡಿದರೂ ಕೊನೆಗೆ ಅವ್ವನ ಬಾಯಲ್ಲಿ ಬಂದದ್ದು ನನ್ನ ಹೆಸರು, ಪೂರ್ತಿ ಹೆಸರು ಅಂತ. ಅವ್ವ ಯಾರನ್ನು ಕರೆದಳು? ಕಣ್ಣು ಬಾಗಿಲ ಕಡೆಗಿತ್ತು, ಇವಳ ಮುಖದ ಮೇಲಿರಲಿಲ್ಲ, ಈಗ ನೆನಪಾಗುತ್ತದೆ, ಬಾಗಿಲ ಕಡೆ, ಕಡಲಿನ ಕಡೆ. ಅದನ್ನೂ ಕಿತ್ತುಕೊಂಡರು.

ಪೂಜೆಯ ಗಂಟೆಯ ಸದ್ದು, ಮೂರು ಸಲ. ತಲೆಗಳು ಬಾಗುತ್ತವೆ, ಅಂಗಾಲುಗಳು ಅಲುಗುತ್ತವೆ, ಬ್ರಿಜಿಯ ಹೊಸ ಅಟ್ಟೆ, ಹಳೆ ಅಟ್ಟೆ. ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಪಾಪನಿವೇದನೆಗೆ ಕೂತಿದ್ದ ಫಾದರ್‌ಗೆ ಎಲ್ಲ ಹೇಳಿಬಿಡೋಣ ಅಂತ ಹೋಗಿದ್ದಳು, ಹುಡುಗ ಪಾದ್ರಿ, ಕ್ರಿಸ್ಮಸ್ಸಿಗೆ ಬಂದವರು, ಗಾಲ್ವೇ ಕಡೆಯವರು, ಅವಳ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಸಂಕೋಚದಿಂದ ಕೂತಿದ್ದರು, ತಮ್ಮನ ಮೇಲೆ ಸಿಟ್ಟು ಮಾಡ್ಕೊಂಡೆ, ಎರಡು ಸಲ ಬೆಳಗಿನ ಪ್ರಾರ್ಥನೆ ಬಿಟ್ಟೆ, ಆಮೇಲೆ ಫಾದರ್, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬದುಕಿ ಸತ್ರೆ, ಪ್ರಾರ್ಥನೆ ಯಾರಿಗೆ ಮುಟ್ಟುತ್ತೆ? ಅವರಿಗೆ ಅರ್ಥವಾಗಲಿಲ್ಲ, ದೇವರಿಗೆ ಎಲ್ಲಾ ಗೊತ್ತಿರುತ್ತೆ ಮಿಸ್ ಗಾಹನ್, ಅಂದರು, ಮೂರು ನಮೋ ಮರಿಯ ಹೇಳ್ಕೊಳ್ಳಿ. ದೇವರಿಗೆ ಗೊತ್ತಿರುತ್ತದೆ, ಸರಿಯಪ್ಪ, ಕಾರೋಬೆಗ್‌ಗೆ ಗೊತ್ತಿರುವುದು ಅವಳಿಗೆ ಬೇಕಾಗಿದೆ. ಈಗ ಒಬ್ಬೊಬ್ಬರೇ ಎದ್ದು ಹೋಗಿ ನಾಲಗೆ ಚಾಚುತ್ತಿದ್ದಾರೆ, ಅವಳೂ ಹೋದಳು, ಫೆಸ್ಟಿಯ ಹಿಂದೆ, ಅವನ ಕೋಟಿನ ಭುಜದ ಮೇಲೆ ಒಂದು ಬಿಳಿ ಕೂದಲು, ಕೈ ತಾನಾಗಿ ಮುಂದೆ ಹೋಗಿ ತೆಗೆಯಿತು, ಈ ಕೈಯನ್ನು ಏನು ಮಾಡಬೇಕು, ಪರಮಪ್ರಸಾದದ ತೆಳು ಬಿಲ್ಲೆ ನಾಲಗೆಗೆ ಅಂಟಿಕೊಂಡಿತು, ವಾಪಸ್ಸು ಒಲೆಯ ಹತ್ತಿರ. ಅವಳು ಏನೂ ಹೇಳುವುದಿಲ್ಲ. ಅದನ್ನು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದಾಳೆ. ಫೆಸ್ಟಿ ಡೀಲಿಯಾ ಅಂತ ಬರೆದಿದ್ದರೆ ಅವನಿಗೆ ಇನ್ನೂ ಸ್ವಲ್ಪ ನಾಚಿಕೆ ಉಳಿದಿದೆ, ಸಂಜೆ ಅವನ ಜೊತೆ ಮಾತಾಡಬಹುದು, ಬೈಯಬಹುದು, ಬೈದು ಗಂಜಿ ಬಡಿಸಬಹುದು. ಹೊನೋರಾ ಅಂತ ಬರೆದಿದ್ದರೆ, ಆ ಹೆಸರನ್ನು ಫಾದರ್ ಗಟ್ಟಿಯಾಗಿ ಓದುತ್ತಿದ್ದಂತೆ ಇಷ್ಟೂ ಜನ ಬೆಚ್ಚಿಬಿದ್ದು ತಿರುಗುತ್ತಾರೆ, ಅವ್ಳು ಇಲ್ಲೇ ಇದಾಳಲ್ಲ ಫಾದರ್ ಅನ್ನುತ್ತಾಳೆ ಬ್ರಿಜಿ, ಅವಳದು ಗಂಟಲು ದೊಡ್ಡದು, ನಮ್ ನೋನಿ ಬದುಕಿರೋವಾಗ್ಲೇ ಹೆಣ ಮಾಡ್ತೀರಾ ಅನ್ನುತ್ತಾಳೆ, ಮೇಷ್ಟರು ಎದ್ದು ನಿಂತು ತಿದ್ದುತ್ತಾರೆ, ಹಾಜರಿಯಲ್ಲಿ ತಪ್ಪಿದರೆ ತಿದ್ದುತ್ತಿದ್ದ ಹಾಗೆ. ಒಬ್ಬರು ತಿರುಗಿದರೆ ಸಾಕು ಅವಳಿಗೆ. ಒಬ್ಬರೇ ಒಬ್ಬರು ತಿರುಗಿ ಅವಳ ಮುಖ ನೋಡಿದರೆ, ಆ ಹೆಸರು ಅವಳದು ಅಂತಾಯಿತು, ಅವ್ವ ಕದ್ದದ್ದು, ತಂಗಿ ಉಟ್ಟು ತೊಟ್ಟು ಹರಿದದ್ದು, ಅದರಲ್ಲಿ ಉಳಿದಷ್ಟನ್ನು ಅವಳು ವಾಪಸ್ಸು ತೆಗೆದುಕೊಂಡು ಇನ್ನು ಹತ್ತಿಪ್ಪತ್ತು ವರ್ಷ ಬದುಕಬಹುದು.

ಈತೆ ಮಿಸ್ಸಾ ಎಸ್ತ್ — ಪೂಜೆ ಮುಗಿಯಿತು ಅನ್ನುವುದಷ್ಟು ಲ್ಯಾಟಿನ್ ಎಲ್ಲರಿಗೂ ಬರುತ್ತದೆ, ಯಾರೋ ಕೆಮ್ಮಿದರು, ಮೊಟ್ಟೆಯನ್ನು ಈಗ ನೀರಿಗೆ ಬಿಡಬೇಕು, ಬಿಡಲಿಲ್ಲ. ಮಕ್ಕಳು ಹೊರಗೆ ಗೋಡೆಯ ಹತ್ತಿರ ಆಡುತ್ತಿವೆ, ಪರಮಪ್ರಸಾದದ ವಯಸ್ಸಾಗದ ಚಿಳ್ಳೆಪಿಳ್ಳೆಗಳು, ಒಂದು ಕೂಗುತ್ತದೆ, ಇನ್ನೊಂದು ಓಡುತ್ತದೆ, ನಗು — ಆಟ. ಒಂದು ಆಟ ಇತ್ತು. ಸ್ಕಾಟ್ಲೆಂಡಿನಿಂದ ಬಂದ ವಾರ, ಕಡಲ ದಾರಿಯಲ್ಲಿ, ಒಂದು ಮಗು ಬೆನ್ನು ಹಾಕಿ ನಿಲ್ಲುತ್ತಿತ್ತು, ಉಳಿದವು ಹಿಂದಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದವು, ಡೀಲಿಯಾ ಅಂದರೆ ತಿರುಗಬಾರದು, ತಿರುಗಿದರೆ ಔಟು, ಹೊನೋರಾ ಗಾಹನ್ ಅಂದ ಕೂಡಲೇ ತಿರುಗಬೇಕು, ತಡವಾದರೆ ಔಟು. ಅವಳು ಬುಟ್ಟಿ ಹೊತ್ತು ಅವುಗಳ ನಡುವೆ ಬಂದಾಗ ಎಲ್ಲ ಗಪ್‌ಚಿಪ್ಪು, ಬ್ರಿಜಿ, ಆಗ ಹದಿನಾರರ ಹುಡುಗಿ, ಗೋಡೆಯಿಂದ ಧುಮುಕಿ ತನ್ನ ತಮ್ಮನ ಕೆನ್ನೆಗೊಂದು ಬಾರಿಸಿದ್ದಳು, ಸಾಕು ಆ ಆಟ, ಮನೆಗ್ ನಡೀ. ನನ್ನ ಹೆಸರಲ್ಲಿ ಆಟ ಬೇರೆ ಕಟ್ಟಿದಾವೆ ನೋಡು ಅಂತ ನಕ್ಕಿದ್ದಳು ನೋನಿ, ಅವಕ್ಕೇನು ಗೊತ್ತು ಕಣೇ, ಉದ್ದ ಹೆಸರು ಸಿಕ್ತು, ಕೂಗ್ತಾವೆ, ಅಂದಿದ್ದಳು ಬ್ರಿಜಿ, ಬುಟ್ಟಿ ಇಸಿದುಕೊಂಡು ಮನೆಯವರೆಗೂ ಬಂದಿದ್ದಳು, ಅವತ್ತಿನಿಂದಲೇ ಅಲ್ಲವೇ ಗೆಳೆತನ. ಮಕ್ಕಳಿಗೆ ಆ ಆಟ ಎಲ್ಲಿಂದ ಬರಬೇಕು. ದೊಡ್ಡವರನ್ನು ನೋಡಿ ತಾನೇ ಬರಬೇಕು. ಈ ಅಡುಗೆಮನೆಯಲ್ಲೇ, ಡೀಲಿಯಾಳ ಬೀಳ್ಕೊಡುಗೆಗೆ ಊರೆಲ್ಲ ಸೇರಿರಬೇಕು, ಅವಳನ್ನು ಬೆನ್ನು ಹಾಕಿಸಿ ಇಲ್ಲಿ ನಿಲ್ಲಿಸಿ, ಹಿಂದಿನಿಂದ ಕೂಗಿ ಕೂಗಿ ರೂಢಿ ಮಾಡಿಸಿರಬೇಕು, ಹಡಗಿನಿಂದಿಳಿದ ಮೇಲೆ ಅಧಿಕಾರಿ ಕರೆದರೆ ತಡವರಿಸಬಾರದಲ್ಲ, ಹೊನೋರಾ ಗಾಹನ್, ಅಯ್ಯೋ ತಿರುಗ್ಲೇ ಇಲ್ಲ, ಔಟು, ಇನ್ನೊಂದ್ಸಲ, ಹೊನೋರಾ ಗಾಹನ್, ಹಾಂ, ಹಾಗೆ, ನಗು, ಪಿಟೀಲು, ಬಾಯ್ಬಿಟ್ರೆ ಹುಡುಗೀನ ಅದೇ ಹಡಗಲ್ಲಿ ವಾಪಸ್ ಕಳಿಸ್ತಾರೆ, ಜೋಕೆ, ನೋನಿಗಂತೂ ಉಸಿರೆತ್ತಬೇಡಿ ಅಂತ ಅವ್ವ, ಕೈಮುಗಿದು — ಇಲ್ಲ. ಹಾಗಿರಲಿಕ್ಕಿಲ್ಲ. ಇಪ್ಪತ್ತೆಂಟು ವರ್ಷ, ಒಂದು ಊರಿನ ಅಷ್ಟೂ ಬಾಯಿ, ಒಂದೂ ಜಾರದೆ? ಮೂರು ವಾರದ ಹಿಂದೆ ಅವಳ ತಲೆಯನ್ನು ಎದೆಗೊತ್ತಿಕೊಂಡು ನಿನ್ನ ತಂಗಿ ಅಲ್ವಾ ಅಂದವಳು ಬ್ರಿಜಿ. ಬ್ರಿಜಿ ತಿರುಗುತ್ತಾಳೆ. ನೋಡೋಣ, ಈಗ ನೋಡೋಣ.

ಫಾದರ್ ಮುನ್ನೆಲಿ ಈ ಕಡೆ ತಿರುಗಿದ್ದಾರೆ, ಎಲ್ಲ ಬೆನ್ನುಗಳ ಆಚೆ ಒಂದು ಮುಖ, ಎಳೆಯ ಮುಖ, ಚೀಟಿ ಬಿಚ್ಚುತ್ತಿದ್ದಾರೆ, ಒಂದು ಮಡಿಕೆ, ಎರಡು, ಫೆಸ್ಟಿಯ ಕಿವಿ ಕೆಂಪಗಾಗಿದೆ, ಈ ಮನೆಯಲ್ಲಿ ಬಾಳಿ ಪ್ರಭುವಿನಲ್ಲಿ ನಿದ್ರಿಸಿದವರನ್ನು ನೆನೆಯೋಣ, ಮೈಕಲ್ ಗಾಹನ್, ಅಪ್ಪ, ನಿತ್ಯ ಪ್ರಕಾಶವು ಅವನ ಮೇಲೆ ಬೆಳಗಲಿ, ಬಾರ್ಬರಾ ಗಾಹನ್, ಅವ್ವ, ನಿತ್ಯ ಪ್ರಕಾಶವು ಅವಳ ಮೇಲೆ ಬೆಳಗಲಿ, ನೋನಿಯ ತುಟಿ ಅಲುಗಲಿಲ್ಲ, ಫಾದರ್ ಚೀಟಿಯನ್ನು ಕಣ್ಣಿನ ಹತ್ತಿರ ತಂದರು, ಫೆಸ್ಟಿಯ ಅಕ್ಷರ ಯಾರಿಗೂ ಓದಲು ಬರುವುದಿಲ್ಲ, ಅಮೆರಿಕದಲ್ಲಿ ತೀರಿಕೊಂಡ — ಅವಳ ಕೈ ಅಂಗಿಯ ಮೇಲಿಂದಲೇ ಕಾರ್ಡನ್ನು ಒತ್ತಿ ಹಿಡಿಯಿತು — ಹೊನೋರಾ ಗಾಹನ್. ಗಟ್ಟಿಯಾಗಿ, ಸ್ಪಷ್ಟವಾಗಿ. ನಿತ್ಯ ಪ್ರಕಾಶವು ಅವಳ ಮೇಲೆ ಬೆಳಗಲಿ, ಅಂದರು ಎಲ್ಲರೂ, ಒಂದೇ ಉಸಿರಿನಲ್ಲಿ, ಒಂದು ಗಂಟಲೂ ತಡವರಿಸಲಿಲ್ಲ, ಬ್ರಿಜಿಯ ದೊಡ್ಡ ಗಂಟಲೂ ಅದರಲ್ಲಿತ್ತು, ಮೇಷ್ಟರ ಶುದ್ಧ ಉಚ್ಚಾರವೂ ಇತ್ತು, ಆಮೆನ್. ಈಗ, ಈಗ ತಿರುಗುತ್ತಾರೆ. ಮೇಷ್ಟರ ಬೋಳುತಲೆ ಇನ್ನಷ್ಟು ಕೆಳಗೆ ಬಾಗಿತು. ಬ್ರಿಜಿಯ ಹೆಗಲುಗಳು ನಿಧಾನವಾಗಿ ಮೇಲಕ್ಕೆದ್ದು ಕುತ್ತಿಗೆಗೆ ಒತ್ತಿಕೊಂಡವು, ಹಿಂದಿನಿಂದ ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದವರು ಬಿಗಿ ಹಿಡಿದುಕೊಳ್ಳುವ ಹಾಗೆ, ಬಿಗಿ ಹಿಡಿದುಕೊಂಡು ಹಾಗೇ ನಿಂತವು — ಬೂದು ಶಾಲು, ಶಾಲಿನ ಕೆಳಗೆ ಬೆನ್ನು, ಅದರ ಪಕ್ಕ ಇನ್ನೊಂದು ಬೆನ್ನು, ಫೆಸ್ಟಿಯ ಬೆನ್ನು, ಬ್ರಿಜಿಯ ಬೆನ್ನು, ಬೆನ್ನು, ಬ್ರಿಜಿಯ ಬೆನ್ನು